ಕನ್ನಡ ಕ್ಷೇತ್ರಪಠ್ಯದ ಪುಟವಿನ್ಯಾಸ: ‘ಪಿಆರ್’ ಆದೇಶದ ಬಳಕೆ ಮತ್ತು ಮಿತಿ

ಕ್ಷೇತ್ರಕಾರ್ಯದಲ್ಲಿ ಧ್ವನಿಮುದ್ರಿಸಿ ಲಿಪಿಗಿಳಿಸಿದ ಪಠ್ಯವು ಪರಿಶೀಲನೆಗಾಗಿ ಮಾತುಗಾರರ ಬಳಿಗೆ ಮರಳುವುದು ಬಹುಮಟ್ಟಿಗೆ ಕಾಗದದ ಮೇಲೆಯೇ. ಅವರು ಸಾಲಿನ ಪಕ್ಕದಲ್ಲಿ ಹಾಕಿಕೊಟ್ಟ ಗುರುತು ಮೂಲ ಕಡತದ ಅದೇ ಸಾಲಿಗೆ ತಲುಪಬೇಕು. ತಪ್ಪಿದರೆ ತಿದ್ದುಪಡಿಯೇ ಹೊಸದೊಂದು ದೋಷವಾಗುತ್ತದೆ. ಹೀಗಾಗಿ ಮುದ್ರಣವನ್ನು ದತ್ತಾಂಶದ ಶುದ್ಧತೆಗೆ ಸಂಬಂಧಿಸಿದ ಕೆಲಸವೆಂದೇ ಪರಿಗಣಿಸಬೇಕಾಗುತ್ತದೆ. ಯುನಿಕ್ಸ್ ಮತ್ತು ಲಿನಕ್ಸ್ ವ್ಯವಸ್ಥೆಗಳಲ್ಲಿ ದೊರೆಯುವ ‘ಪಿಆರ್’ ಎಂಬ ಆದೇಶವನ್ನು ಈ ಕೆಲಸಕ್ಕೆ ಬಳಸುವ ಕ್ರಮವನ್ನು ಇಲ್ಲಿ ವಿವರಿಸುತ್ತೇವೆ. ಅದು ಕನ್ನಡ ಪಠ್ಯದ ಸಾಲುಗಳನ್ನು ನೆಚ್ಚುವಂತೆ ಎಣಿಸುತ್ತದೆ, ಆದರೆ ಸಾಲಿನ ಅಗಲವನ್ನು ಎಣಿಸಲಾರದು ಎಂಬುದು ನಮ್ಮ ಪ್ರತಿಪಾದನೆ.

1. ಆದೇಶದ ಸ್ವರೂಪ

‘ಪಿಆರ್’ 1971ರ ಮೊದಲ ಯುನಿಕ್ಸ್ ಆವೃತ್ತಿಯಿಂದಲೇ ಇರುವ ಆದೇಶ. ಸರಳ ಪಠ್ಯಕಡತವನ್ನು ಓದಿ, ಅದನ್ನು ಪುಟಗಳಾಗಿ ವಿಂಗಡಿಸಿ, ಪ್ರತಿ ಪುಟಕ್ಕೂ ದಿನಾಂಕ, ಕಡತದ ಹೆಸರು ಮತ್ತು ಪುಟಸಂಖ್ಯೆಯುಳ್ಳ ತಲೆಸಾಲನ್ನು ಕೂಡಿಸುತ್ತದೆ. ಇದರ ಆಯ್ಕೆಗಳನ್ನು ಒಂದು ಅಡ್ಡಗೆರೆಯ ನಂತರ ರೋಮನ್ ಲಿಪಿಯ ಸಣ್ಣಕ್ಷರದಲ್ಲಿ ಟೈಪಿಸಬೇಕು. ‘ಎಚ್’ ಆಯ್ಕೆಯು ಕಡತದ ಹೆಸರಿನ ಸ್ಥಾನದಲ್ಲಿ ನಾವು ಕೊಟ್ಟ ಶೀರ್ಷಿಕೆಯನ್ನು ಇಡುತ್ತದೆ. ‘ಎಲ್’ ಪುಟದ ಒಟ್ಟು ಸಾಲುಗಳನ್ನು ನಿಗದಿಪಡಿಸುತ್ತದೆ. ‘ಡಿ’ ಸಾಲುಗಳ ನಡುವೆ ಒಂದೊಂದು ಖಾಲಿ ಸಾಲು ಬಿಡುತ್ತದೆ. ‘ಎನ್’ ಸಾಲುಗಳಿಗೆ ಸಂಖ್ಯೆ ಕೊಡುತ್ತದೆ. ‘ಓ’ ಎಡ ಅಂಚನ್ನು ಬಿಡುತ್ತದೆ. ‘ಎಂ’ ಎರಡು ಕಡತಗಳನ್ನು ಅಕ್ಕಪಕ್ಕದ ಅಂಕಣಗಳಲ್ಲಿ ಜೋಡಿಸುತ್ತದೆ.

ಶೀರ್ಷಿಕೆಯ ಆಯ್ಕೆಯನ್ನು ಉಪಭಾಷಾ ಅಧ್ಯಯನಕಾರರು ಕಡೆಗಣಿಸಬಾರದು. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ತುಂಗಾ ಅಣೆಕಟ್ಟೆಯ ಬಳಿ ಒಂದು ಗಾಜನೂರು ಇದೆ. ತಮಿಳುನಾಡಿನ ತಾಳವಾಡಿ ಸೀಮೆಯಲ್ಲಿ, ನಟ ರಾಜಕುಮಾರ್ ಅವರ ಊರೆಂದು ಹೆಸರಾದ ದೊಡ್ಡ ಗಾಜನೂರು ಇದೆ. ಎರಡೂ ಕಡೆ ಕನ್ನಡವನ್ನಾಡುತ್ತಾರೆ, ಆದರೆ ಎರಡೂ ಒಂದೇ ಪ್ರದೇಶದ ಕನ್ನಡವಲ್ಲ. ‘ಗಾಜನೂರು’ ಎಂದಷ್ಟೇ ಬರೆದ ಹಾಳೆಯೊಂದು ಕಟ್ಟಿನಿಂದ ಕಳಚಿಕೊಂಡರೆ ಅದು ಯಾವ ಊರಿನ ಮಾತೆಂದು ಹೇಳುವ ಆಧಾರ ಉಳಿಯುವುದಿಲ್ಲ. ತಾಲ್ಲೂಕು, ಧ್ವನಿಮುದ್ರಣದ ಸಂಖ್ಯೆ, ಲಿಪ್ಯಂತರದ ಆವೃತ್ತಿ ಈ ಮೂರೂ ಪ್ರತಿ ಪುಟದ ತಲೆಯಲ್ಲಿರಬೇಕು.

2. ಪುಟದ ಎತ್ತರ

ಪೂರ್ವನಿಯೋಜಿತ ಪುಟದಲ್ಲಿ 66 ಸಾಲುಗಳಿವೆ: ತಲೆಗೆ 5, ಅಡಿಗೆ 5, ಪಠ್ಯಕ್ಕೆ 56. ಅಂಗುಲಕ್ಕೆ 6 ಸಾಲು ಹೊಡೆಯುವ ಯಂತ್ರದಲ್ಲಿ 11 ಅಂಗುಲ ಎತ್ತರದ ಕಾಗದ ಬಳಸಿದಾಗ ಬರುವ ಲೆಕ್ಕವಿದು. ನಮ್ಮಲ್ಲಿ ರೂಢಿಯಲ್ಲಿರುವ ಎ4 ಹಾಳೆಯ ಎತ್ತರ 297 ಮಿಲಿಮೀಟರ್, ಅಂದರೆ ಸುಮಾರು 11.7 ಅಂಗುಲ. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳನ್ನು ರೋಮನ್ ಲಿಪಿಯಷ್ಟು ಒತ್ತಾಗಿ ಇಡಲಾಗದು. ಅಂಗುಲಕ್ಕೆ 4 ಸಾಲು ಎಂದಿಟ್ಟುಕೊಂಡರೆ ಹಾಳೆಗೆ 46 ಸಾಲು, ಪಠ್ಯಕ್ಕೆ 36. ‘ಡಿ’ ಆಯ್ಕೆಯನ್ನೂ ಕೊಟ್ಟರೆ ಪುಟಕ್ಕೆ 18 ಉಕ್ತಿಗಳು ಹಿಡಿಯುತ್ತವೆ, ಪ್ರತಿಯೊಂದರ ಕೆಳಗೂ ತಿದ್ದಲು ಜಾಗವಿರುತ್ತದೆ. ನೂರನೆಯ ಉಕ್ತಿ ಆರನೆಯ ಪುಟದ ಹತ್ತನೆಯದಾಗಿ ಬರುತ್ತದೆ. ಈ ಲೆಕ್ಕದಲ್ಲಿ ಲಿಪಿಯ ಸ್ವರೂಪಕ್ಕೆ ಪಾತ್ರವಿಲ್ಲ. ಸಾಲು ಮುಗಿಯಿತೆಂಬ ಸಂಕೇತ ಎಲ್ಲ ಲಿಪಿಗಳಿಗೂ ಒಂದೇ ಆದ್ದರಿಂದ ಆದೇಶ ಇಲ್ಲಿ ತಪ್ಪುವುದಿಲ್ಲ.

3. ಸಾಲಿನ ಅಗಲ

ಅಂಕಣಗಳನ್ನು ಜೋಡಿಸಲು ಹೊರಟಾಗ ತೊಡಕು ಆರಂಭವಾಗುತ್ತದೆ. ‘ಗಾಜನೂರು’ ಎಂಬ ಪದದಲ್ಲಿ ಓದುಗರಿಗೆ ಕಾಣುವುದು 4 ಅಕ್ಷರಗಳು. ಯೂನಿಕೋಡ್‌ನಲ್ಲಿ ಅವು 7 ಸಂಕೇತಬಿಂದುಗಳು. ಯುಟಿಎಫ್-8 ರೂಪದಲ್ಲಿ 21 ಬೈಟ್‌ಗಳು. ‘ಶಿವಮೊಗ್ಗ’ ಮತ್ತು ‘ಭದ್ರಾವತಿ’ಗಳಲ್ಲಿಯೂ ಅಕ್ಷರಗಳು ನಾಲ್ಕೇ, ಆದರೆ ಸಂಕೇತಬಿಂದುಗಳು 8, ಬೈಟ್‌ಗಳು 24. ‘ಮೊ’ದ ಸ್ವರಚಿಹ್ನೆಯನ್ನು ಬಿಡಿಸಿ ಎರಡು ಬಿಂದುಗಳಾಗಿ ಬರೆದಿದ್ದರೆ ‘ಶಿವಮೊಗ್ಗ’ದ ಎಣಿಕೆ 9ಕ್ಕೆ ಏರುತ್ತದೆ.

ಅಗಲವನ್ನು ಯಾವ ಏಕಮಾನದಲ್ಲಿ ಅಳೆಯಬೇಕೆಂಬುದು ಆದೇಶದ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ. ಯೂನಿಕೋಡ್ ವರ್ಗೀಕರಣವನ್ನು ಆಧರಿಸಿದರೂ ಸಮಸ್ಯೆ ತೀರದು. ಆ ವರ್ಗೀಕರಣದಲ್ಲಿ ಇಕಾರದ ಚಿಹ್ನೆ ಸ್ಥಳ ಬೇಡದ್ದು, ಆಕಾರದ ಚಿಹ್ನೆ ಸ್ಥಳ ಬೇಡುವಂಥದ್ದು. ಕನ್ನಡದ ಗುಣಿತಾಕ್ಷರ ವ್ಯವಸ್ಥೆಯಲ್ಲಿ ಈ ಭೇದಕ್ಕೆ ಯಾವ ಆಧಾರವೂ ಇಲ್ಲ. ಮುದ್ರಿತ ಅಗಲವು ಕೊನೆಗೆ ಅಚ್ಚುಮೊಳೆಯ ವಿನ್ಯಾಸವನ್ನು ಅವಲಂಬಿಸಿದೆ, ಅದು ಆದೇಶಕ್ಕೆ ತಿಳಿಯುವುದೇ ಇಲ್ಲ.

4. ಕತ್ತರಿಸಿ ಹೋಗುವ ಪ್ರತ್ಯಯ

ಅಂಕಣಗಳು ವಕ್ರವಾಗುವುದು ಕಣ್ಣಿಗೆ ಕಾಣುವ ದೋಷ. ಕಾಣದ ದೋಷ ಇನ್ನೂ ಗಂಭೀರವಾದುದು. ಬಹು ಅಂಕಣಗಳ ವಿನ್ಯಾಸದಲ್ಲಿ ಅಂಕಣಕ್ಕಿಂತ ಉದ್ದವೆಂದು ಎಣಿಕೆಗೆ ಬಂದ ಸಾಲನ್ನು ‘ಪಿಆರ್’ ಯಾವ ಎಚ್ಚರಿಕೆಯನ್ನೂ ಕೊಡದೆ ಕತ್ತರಿಸುತ್ತದೆ. ಪೂರ್ವನಿಯೋಜಿತ ಅಗಲ 72 ಸ್ಥಾನಗಳು. ಎರಡು ಅಂಕಣಗಳಾದರೆ ತಲಾ 35. ‘ಅಮ್ಮ ಗಾಜನೂರಿಗೆ ಹೋದಳು’ ಎಂಬ ವಾಕ್ಯವನ್ನು ಬೈಟ್‌ಗೆ ಒಂದು ಸ್ಥಾನದಂತೆ ಎಣಿಸಿದರೆ 35ನೆಯ ಸ್ಥಾನದೊಳಗೆ ಉಳಿಯುವುದು ‘ಅಮ್ಮ ಗಾಜನೂರಿ’ ಎಂಬಷ್ಟೇ. ಉಳಿದ ಒಂದು ಬೈಟ್ ಅರ್ಥವಿಲ್ಲದ ಗುರುತಾಗಿ ಅಚ್ಚಾಗುತ್ತದೆ. ಚತುರ್ಥಿ ವಿಭಕ್ತಿ ಪ್ರತ್ಯಯವೂ ಲಿಂಗ ವಚನಗಳನ್ನು ಸೂಚಿಸುವ ಕ್ರಿಯಾಪದವೂ ಒಟ್ಟಿಗೆ ಹೋದವು. ಕ್ರಿಯಾಪದ ಕೊನೆಗೆ ಬರುವ, ಪ್ರತ್ಯಯಗಳು ಪ್ರಕೃತಿಯ ಬಲಕ್ಕೆ ಹತ್ತುವ ಭಾಷೆಯಲ್ಲಿ ಬಲತುದಿಯನ್ನು ಕತ್ತರಿಸುವುದೆಂದರೆ ವ್ಯಾಕರಣವನ್ನೇ ಕತ್ತರಿಸಿದಂತೆ.

5. ಅನುಸರಿಸಬಹುದಾದ ಕ್ರಮ

ಮೊದಲನೆಯದಾಗಿ, ಕನ್ನಡ ಪಠ್ಯಕ್ಕೆ ಒಂದೇ ಅಂಕಣವಿರಲಿ. ಒಂದೊಂದು ಉಕ್ತಿಯೂ ಹಾಳೆಯ ಅಗಲದೊಳಗೆ ಹಿಡಿಯುವಂತೆ ಲಿಪ್ಯಂತರದ ಹಂತದಲ್ಲಿಯೇ ಸಾಲು ಮುರಿಯಬೇಕು. ಶಿವಮೊಗ್ಗ ಸಮೀಪದ ಮತ್ತೂರು, ಹೊಸಹಳ್ಳಿಗಳ ಸಂಕೇತಿಯನ್ನು ಕನ್ನಡ ಲಿಪಿಯಲ್ಲಿ ಬರೆದು ಕನ್ನಡ ಅನುವಾದವನ್ನೂ ಕೊಡುವವರು ಎರಡನ್ನೂ ಅಕ್ಕಪಕ್ಕದಲ್ಲಿಡದೆ ಒಂದರ ಕೆಳಗೊಂದು ಇಡುವುದು ಕ್ಷೇಮ.

ಎರಡನೆಯದಾಗಿ, ಅಂಕಣಗಳು ಅನಿವಾರ್ಯವಾದಲ್ಲಿ ಸಂಖ್ಯೆ, ಇಂಗ್ಲಿಷ್ ಅರ್ಥ ಮೊದಲಾದುವು ಎಡಕ್ಕೂ ಕನ್ನಡವು ಕಟ್ಟಕಡೆಗೂ ಬರಲಿ. ಎಣಿಕೆಯ ದೋಷ ಕನ್ನಡದ ಬಲಕ್ಕಿರುವ ಅಂಕಣವನ್ನು ಮಾತ್ರ ಸರಿಸುತ್ತದೆ. ಬಲಕ್ಕೆ ಏನೂ ಇಲ್ಲದಿದ್ದರೆ ಸರಿಯುವುದಕ್ಕೂ ಏನಿಲ್ಲ. ಆದರೂ ‘ಡಬ್ಲ್ಯೂ’ ಆಯ್ಕೆಯಿಂದ ಅಗಲವನ್ನು ಧಾರಾಳವಾಗಿ ಹೆಚ್ಚಿಸಿ, ಉದ್ದದ ಸಾಲುಗಳ ಕೊನೆ ಉಳಿದಿದೆಯೇ ಎಂದು ನೋಡಬೇಕು.

ಮೂರನೆಯದಾಗಿ, ‘ಎನ್’ ಆಯ್ಕೆ ಕೊಡುವ ಸಂಖ್ಯೆ ಮುದ್ರಣದ ಕ್ಷಣದ್ದು. ನಡುವೆ ಒಂದು ಸಾಲು ಸೇರಿದರೆ ಮುಂದಿನ ಮುದ್ರಣದಲ್ಲಿ ಅದರ ನಂತರದ ಸಂಖ್ಯೆಗಳೆಲ್ಲ ಬದಲಾಗುತ್ತವೆ. ಆದ್ದರಿಂದ ಶಾಶ್ವತ ಸಂಖ್ಯೆಯನ್ನು ಕಡತದ ಸಾಲಿನ ಆರಂಭದಲ್ಲಿಯೇ ಬರೆದಿಡಬೇಕು. 100 ಮತ್ತು 101ರ ನಡುವೆ ಸೇರಿದ ಉಕ್ತಿ 100.1 ಆಗಲಿ. ಪ್ರಬಂಧದಲ್ಲಿ ಉಲ್ಲೇಖಿಸುವಾಗಲೂ ಈ ಸಂಖ್ಯೆಯನ್ನೇ ಕೊಡಬೇಕು, ಪುಟಸಂಖ್ಯೆಯನ್ನಲ್ಲ.

ನಾಲ್ಕನೆಯದಾಗಿ, ‘ಪಿಆರ್’ ಅಕ್ಷರಗಳ ಆಕಾರವನ್ನು ರೂಪಿಸುವುದಿಲ್ಲ. ಅದರ ಫಲಿತವನ್ನು ‘ಪ್ಯಾಪ್ಸ್’ನಂತಹ, ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸಬಲ್ಲ ತಂತ್ರಾಂಶದ ಮೂಲಕ ಮುದ್ರಿಸಬೇಕು. ಅಲ್ಲಿನ ಪುಟದ ಸಾಲುಗಳ ಸಂಖ್ಯೆಯೂ ‘ಎಲ್’ ಆಯ್ಕೆಗೆ ಕೊಟ್ಟ ಸಂಖ್ಯೆಯೂ ಹೊಂದಬೇಕು. ಇಲ್ಲವಾದರೆ ತಲೆಸಾಲು ಪುಟದ ನಡುವೆ ಬಂದು ಕೂರುತ್ತದೆ.

ಪುಟಸಂಖ್ಯೆ ಕಾಗದಕ್ಕೆ ಸೇರಿದ್ದು, ಸಾಲಿನ ಸಂಖ್ಯೆ ಪಠ್ಯಕ್ಕೆ ಸೇರಿದ್ದು. ಮೊದಲನೆಯದನ್ನು ಆದೇಶಕ್ಕೆ ಒಪ್ಪಿಸಬಹುದು. ಎರಡನೆಯದು ಸಂಶೋಧಕರ ಹೊಣೆ.