ನಿಮಗಿದು ಗೊತ್ತೇ? ಟೈಲ್ಸ್ ಮೇಲೆ ಬಿಸಿ, ಅಡಿಯಲ್ಲಿ ಕರೆಂಟು

ಚಳಿಗಾಲದ ಬೆಳಿಗ್ಗೆ ಬಾತ್‌ರೂಮಿನ ಟೈಲ್ಸ್ ಅಂಗಾಲು ಕೊರೆಯುತ್ತದೆ. ಪಕ್ಕದ ಕೋಣೆಯ ಮರದ ನೆಲ ಅಷ್ಟೊಂದು ಕಾಡುವುದಿಲ್ಲ. ಥರ್ಮಾಮೀಟರ್ ಇಟ್ಟು ನೋಡಿದರೆ ಎರಡೂ ಹೆಚ್ಚುಕಮ್ಮಿ ಒಂದೇ ಉಷ್ಣತೆಯಲ್ಲಿರುತ್ತವೆ! ಟೈಲ್ಸ್ ಪಾದದ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ, ಮರ ನಿಧಾನ ಮಾಡುತ್ತದೆ, ಅಷ್ಟೇ. ಅಡಿಯಲ್ಲಿ ಕಾಯುವ ಕೇಬಲ್ ಹಾಕಿದರೆ ಇದೇ ದೋಷ ಗುಣವಾಗುತ್ತದೆ. ಕೆಳಗಿನ ಶಾಖವನ್ನೂ ಟೈಲ್ಸ್ ಅಷ್ಟೇ ಸಲೀಸಾಗಿ ಮೇಲಕ್ಕೆ ದಾಟಿಸುತ್ತದೆ.

ನೆಲ ಕಾಯಿಸುವ ವಿದ್ಯೆ ಹೊಸದೇನಲ್ಲ. ಇಂಗ್ಲೆಂಡಿನ ಬಾತ್ ನಗರದ ರೋಮನ್ ಸ್ನಾನಗೃಹಗಳಲ್ಲಿ ನೆಲವನ್ನು ಹೊತ್ತಿದ್ದ ಗಿಡ್ಡ ಕಂಬಗಳ ಸಾಲು ಇಂದಿಗೂ ಇದೆ. ಕುಲುಮೆಯ ಬಿಸಿಗಾಳಿ ಅವುಗಳ ನಡುವೆ ಹರಿಯುತ್ತಿತ್ತು. ಕೊರಿಯಾದ ‘ಒಂದೋಲ್’ ಪದ್ಧತಿಯಲ್ಲಿ ಒಲೆಯ ಹೊಗೆ ಕೋಣೆಯ ಕಲ್ಲುಚಪ್ಪಡಿಗಳ ಅಡಿಯಲ್ಲಿ ಹಾದು ಹೊರಬೀಳುತ್ತಿತ್ತು. ಅಷ್ಟು ದೂರ ಯಾಕೆ, ಕಾಶ್ಮೀರದ ಮಸೀದಿಗಳ ಹಮಾಮ್‌ನಲ್ಲಿ ಈಗಲೂ ಚಪ್ಪಡಿ ನೆಲದ ಕೆಳಗೆ ಸೌದೆ ಉರಿಯುತ್ತದೆ. ತಾಮ್ರದ ಹಂಡೆಯ ನೀರೂ ಅದೇ ಬೆಂಕಿಯಲ್ಲಿ ಕಾಯುತ್ತದೆ.

ಈಗಿನ ವಿದ್ಯುತ್ ಮ್ಯಾಟ್ ಎಂದರೆ ಫೈಬರ್ ಜಾಲರಿಯ ಮೇಲೆ ಹಾವಿನಂತೆ ಸುತ್ತಿಸಿ ಅಂಟಿಸಿದ, ಸುಮಾರು 3–4 ಮಿ.ಮೀ. ದಪ್ಪದ ಕೇಬಲ್. ಟೈಲ್ಸ್ ಅಂಟಿನ ಪದರದೊಳಗೇ ಅದು ಮುಚ್ಚಿಹೋಗುತ್ತದೆ. ಬ್ರಿಟನ್ನಿನ ಅಂಗಡಿಗಳಲ್ಲಿ ಚದರ ಮೀಟರಿಗೆ 150 ವ್ಯಾಟ್‌ನವು, 200 ವ್ಯಾಟ್‌ನವು ಹೆಚ್ಚು ಕಾಣಸಿಗುತ್ತವೆ. ಕೋಣೆ ಚೌಕವಾಗಿದ್ದರೆ ಮ್ಯಾಟ್ ಸಾಕು. ಮೂಲೆ ಮುರುಕು ಜಾಸ್ತಿ ಇದ್ದರೆ ಬಿಡಿ ಕೇಬಲ್ ತಂದು ಬೇಕಾದ ಹಾಗೆ ಬಾಗಿಸಿ ಹಾಕುವುದು ವಾಸಿ.

ಕೋಣೆಯ ಅಳತೆಗೇ ಮ್ಯಾಟ್ ಕೊಳ್ಳಬಾರದು! ಕಮೋಡ್, ಟಬ್, ನೆಲಕ್ಕೆ ಅಂಟಿದ ಕಪಾಟು ಇವುಗಳ ಅಡಿಗೆ ಕೇಬಲ್ ಹಾಕುವಂತಿಲ್ಲ. ಶಾಖ ಹೊರಹೋಗಲು ದಾರಿ ಸಿಗದೆ ಕೇಬಲ್ ಅತಿಯಾಗಿ ಕಾದು ಕೆಡುತ್ತದೆ. ಕಾಲಿಡುವ ಜಾಗ ಮಾತ್ರ ಅಳೆದರೆ 5 ಚದರ ಮೀಟರಿನ ಬಾತ್‌ರೂಮಿಗೆ 3 ಚದರ ಮೀಟರ್ ಮ್ಯಾಟ್ ಸಾಕಾಗಬಹುದು.

ಹಾಗಾದರೆ ಬಿಲ್? 150 ವ್ಯಾಟ್‌ನ 3 ಚದರ ಮೀಟರ್ ಎಂದರೆ 450 ವ್ಯಾಟ್. ಎರಡು ತಾಸು ಬಿಡದೆ ಉರಿದರೂ 0.9 ಯೂನಿಟ್; 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆಗೆ 1 ಯೂನಿಟ್ ನುಂಗುತ್ತದೆ. ಆದರೆ ಇಡೀ ಮನೆಗೆ ಇದನ್ನೇ ನೆಚ್ಚಿಕೊಳ್ಳುವ ಆಲೋಚನೆಯಿದ್ದರೆ ನಿಲ್ಲಿ. ಇಲ್ಲಿ 1 ಯೂನಿಟ್ ಕರೆಂಟಿಗೆ 1 ಯೂನಿಟ್ ಶಾಖವಷ್ಟೇ ಸಿಗುವುದು; ಒಳ್ಳೆಯ ಹೀಟ್ ಪಂಪ್ ಅದೇ ಕರೆಂಟಿಗೆ 3ರ ಆಸುಪಾಸು ಕೊಡುತ್ತದೆ.

ದುಡ್ಡು ಉಳಿಸಲು ಜನ ಮೊದಲು ಕೈಬಿಡುವುದು ಇನ್ಸುಲೇಷನ್ ಬೋರ್ಡನ್ನು. ನನ್ನ ಕೇಳಿದರೆ ಮ್ಯಾಟ್ ಯಾವ ಕಂಪನಿಯದಾದರೂ ಇರಲಿ, ಬೋರ್ಡ್ ಮಾತ್ರ ಬಿಡಬೇಡಿ. 6 ಅಥವಾ 10 ಮಿ.ಮೀ. ದಪ್ಪದ, ಎರಡೂ ಮುಖಕ್ಕೆ ಸಿಮೆಂಟ್ ಲೇಪಿಸಿದ ಗಟ್ಟಿ ಫೋಮ್ ಹಲಗೆ ಇದು. ಇದಿಲ್ಲದೆ ಕಾಂಕ್ರೀಟಿನ ಮೇಲೆ ನೇರ ಮ್ಯಾಟ್ ಹಾಸುವುದು ತೂತು ಕೊಡಕ್ಕೆ ನೀರು ಹೊಯ್ದ ಹಾಗೆ. ಕೆಳಗಿನ ಕಾಂಕ್ರೀಟ್ ಕಾದ ಮೇಲಷ್ಟೇ ನಿಮ್ಮ ಪಾದದ ಸರದಿ. ಬೋರ್ಡ್ ಇದ್ದರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಬೆಚ್ಚಗಾಗುವ ನೆಲ, ಇಲ್ಲದಿದ್ದರೆ ತಾಸುಗಟ್ಟಲೆ ಕಾಯಿಸುತ್ತದೆ. ಹಲಗೆ ಸೇರಿದಷ್ಟು ನೆಲ ಮೇಲೇಳುತ್ತದೆ, ಬಾಗಿಲಿನ ಅಡಿ ಕೆತ್ತಬೇಕಾದೀತು. ಟೈಲ್ಸ್ ಆರಿಸುವ ಮೊದಲೇ ಅಳೆದುಕೊಳ್ಳಿ.

ಬೆಚ್ಚಗಿನ ನೆಲ ಎಷ್ಟು ಬಿಸಿ ಇರುತ್ತದೆ? ಯುರೋಪಿನ ಮಾನದಂಡದಲ್ಲಿ ವಾಸದ ಕೋಣೆಯ ನೆಲಕ್ಕೆ ಮಿತಿ 29 ಡಿಗ್ರಿ ಸೆಲ್ಸಿಯಸ್, ಬಾತ್‌ರೂಮಿಗೆ 33. ನಮ್ಮ ಮೈಯ 37 ಡಿಗ್ರಿಗಿಂತ ಕಮ್ಮಿಯೇ! ಇದನ್ನು ಕಾಯುವುದು ಎರಡು ಕೇಬಲ್ ಸುತ್ತುಗಳ ನಡುವೆ ಕೂರಿಸುವ ಪುಟ್ಟ ಸೆನ್ಸರ್. ಅದನ್ನು ಕೊಳವೆಯೊಳಗೆ ಇಳಿಸಿದರೆ ಕೆಟ್ಟಾಗ ಎಳೆದು ಬದಲಿಸಬಹುದು. ನೇರ ಅಂಟಿನಲ್ಲಿ ಹೂತರೆ ಟೈಲ್ಸ್ ಒಡೆಯುವುದೇ ಗತಿ. ಥರ್ಮೋಸ್ಟಾಟ್ ಅನ್ನು ನೀರಿನಿಂದ ದೂರ, ಸಾಮಾನ್ಯವಾಗಿ ಬಾತ್‌ರೂಮಿನ ಹೊರಗೋಡೆಗೆ ಹಾಕುತ್ತಾರೆ. ಬ್ರಿಟನ್ನಿನಲ್ಲಿ ಇದರ ಸರ್ಕ್ಯೂಟಿಗೆ 30 ಮಿಲಿಆಂಪಿಯರ್ ಸೋರಿಕೆಗೇ ಟ್ರಿಪ್ ಆಗುವ ರಕ್ಷಣೆ ಇರಲೇಬೇಕು.

ಮ್ಯಾಟ್ ತಿರುಗಿಸಲು ಜಾಲರಿ ಕತ್ತರಿಸಬಹುದು, ಕೇಬಲ್ ಮಾತ್ರ ಎಂದಿಗೂ ಕತ್ತರಿಸಬಾರದು. ಗಿಡ್ಡವಾದಷ್ಟೂ ಅದರ ರೋಧ ಇಳಿದು ಕರೆಂಟ್ ಏರುತ್ತದೆ. ಕೇಬಲ್ ಮೇಲೆ ಕೇಬಲ್ ಹಾಯುವಂತೆಯೂ ಇಲ್ಲ.

ಅಮೆರಿಕದಿಂದ ಯಾರೋ ತಂದುಕೊಟ್ಟ 120 ವೋಲ್ಟ್ ಮ್ಯಾಟ್ ನಮ್ಮ 230 ವೋಲ್ಟಿಗೆ ಕೊಟ್ಟರೆ ಎರಡು ಪಟ್ಟು ಕಾಯುತ್ತದೆ ಎಂದುಕೊಂಡಿರಾ? ಶಾಖ ಏರುವುದು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ, ಅಂದರೆ ಸುಮಾರು ಮೂರೂಮುಕ್ಕಾಲು ಪಟ್ಟು! ಮ್ಯಾಟ್ ಉಳಿಯುವುದಿಲ್ಲ.

ಟೈಲ್ಸ್ ಹಾಕಿದ ದಿನವೇ ಸ್ವಿಚ್ ಒತ್ತಿ ನೋಡುವ ಚಪಲ ಬೇಡ. ಅಂಟು ಪೂರ್ತಿ ಬಲಿಯುವ ಮೊದಲು ಬಿಸಿ ತಗುಲಿದರೆ ಬಿರುಕು ಬಿಡುತ್ತದೆ. ಕಾಯಬೇಕಾದ ದಿನ ಚೀಲದ ಮೇಲೇ ಇರುತ್ತದೆ. ನೆಲ ಕಾದಾಗ ಹಿಗ್ಗಿ, ಆರಿದಾಗ ಕುಗ್ಗುವುದರಿಂದ ಸ್ವಲ್ಪ ಬಳುಕುವ ಜಾತಿಯ ಅಂಟು, ಗ್ರೌಟ್ ಎರಡನ್ನೂ ಕೇಳಿ ತರಬೇಕು.

ಕೇಬಲ್ ಸರಿಯಿದೆಯೇ ಎಂದು ಅರಿಯಲು ಕರೆಂಟ್ ಬೇಕಿಲ್ಲ, ಮಲ್ಟಿಮೀಟರ್ ಸಾಕು. ಪೆಟ್ಟಿಗೆ ಬಿಚ್ಚಿದಾಗ, ಹಾಸಿದಾಗ, ಟೈಲ್ಸ್ ಮುಗಿದಾಗ, ಹೀಗೆ ಮೂರು ಸಲ ರೋಧ ಅಳೆದು ಬರೆದಿಟ್ಟರೆ ಏಟು ಬಿದ್ದದ್ದು ಯಾವ ಹಂತದಲ್ಲಿ, ಯಾರ ಕರಣೆಯಿಂದ ಎಂಬ ಜಗಳವೇ ಇರುವುದಿಲ್ಲ. ಹಾಸಿದ ಮೇಲೆ ಅಳತೆಪಟ್ಟಿ ಪಕ್ಕದಲ್ಲಿಟ್ಟು ಫೋಟೋ ತೆಗೆದುಕೊಳ್ಳಿ. ಎಷ್ಟೋ ಕೇಬಲ್‌ಗಳು ಸಾಯುವುದು ಆಮೇಲೆ ಬಾಗಿಲ ತಡೆಗೋ ಕಮೋಡಿಗೋ ಕೊರೆಯುವ ಡ್ರಿಲ್ಲಿನಿಂದ. ತುಂಡಾದ ಜಾಗವನ್ನು ಪರಿಣತರು ಉಪಕರಣ ಹಿಡಿದು ಪತ್ತೆ ಮಾಡುತ್ತಾರೆ, ಆಗ ಒಡೆಯಬೇಕಾದದ್ದು ಒಂದೋ ಎರಡೋ ಟೈಲ್ಸ್. ಅದೇ ಬ್ಯಾಚಿನ ನಾಲ್ಕು ಟೈಲ್ಸ್ ಅಟ್ಟದ ಮೇಲೆ ಎತ್ತಿಟ್ಟಿರಿ. ನಾಲ್ಕು ವರ್ಷ ಬಿಟ್ಟು ಅಂಗಡಿಯಲ್ಲಿ ಕೇಳಿದರೆ ಆ ಬಣ್ಣ ಸಿಗುವುದು ಕಷ್ಟ.