ಮೂಗೇಟಿನ ಮಾತು

ಭಾನುವಾರದ ಎಣ್ಣೆಸ್ನಾನ ನಮ್ಮ ಮನೆಯಲ್ಲಿ ಇನ್ನೂ ಉಳಿದುಬಂದಿರುವ ಹಳೆಯ ಪದ್ಧತಿಗಳಲ್ಲೊಂದು. ಒಂಬತ್ತು ವರ್ಷದ ನನ್ನ ಮಗ ಮೈಗೆಲ್ಲ ಎಣ್ಣೆ ಬಳಿಸಿಕೊಂಡು ಬಚ್ಚಲ ಮಣೆಯ ಮೇಲೆ ಕುಳಿತನೆಂದರೆ, ಹಿಂದಿನ ಏಳು ದಿನಗಳ ದಿನಚರಿಯೇ ಅವನ ಕಾಲುಗಳ ಮೇಲೆ ಬರೆದಿರುತ್ತದೆ. ಬಲ ಮೊಣಕಾಲಿನಲ್ಲಿ ಒಣಗುತ್ತಿರುವ ತರಚುಗಾಯ: ಅದು ಮಂಗಳವಾರದ ಸೈಕಲ್ಲು. ಎಡ ಮುಂಗಾಲ ಮೂಳೆಯ ಮೇಲೆ ಎರಡು ನೀಲಿ ಗುರುತು: ಅವು ಹಿತ್ತಿಲ ಸೀಬೆಯ ಮರದಲ್ಲಿ ಮರಕೋತಿಯಾಡಿದುದರ ಫಲ. ಹಣೆಯ ಮೇಲೆ ಇಳಿಯುತ್ತಿರುವ ಬುಗುಟು: ಅದಕ್ಕೆ ಕಾರಣ ನಮ್ಮ ಪಡಸಾಲೆಯ ಕಂಬ, ತಪ್ಪು ಕಂಬದ್ದೇ ಎಂಬುದು ಅವನ ವಾದ. ಇಂತಹ ಮೈಯನ್ನು ಕಂಡು ತಂದೆತಾಯಿಗಳು ಹೆದರಬೇಕೋ, ನಕ್ಕು ಸುಮ್ಮನಾಗಬೇಕೋ? ಬಹುಕಾಲ ನಾನು ನಕ್ಕು ಸುಮ್ಮನಾಗುವವರ ಗುಂಪಿಗೆ ಸೇರಿದ್ದೆ. ಆ ನಗೆಯನ್ನು ಒಂದು ದಿನ ನುಂಗಿಕೊಳ್ಳಬೇಕಾಯಿತು. ಅದನ್ನು ಹೇಳುವುದಕ್ಕಾಗಿಯೇ ಈ ಬರಹ.

ನಾನು ಕನ್ನಡ ಪಾಠ ಹೇಳುವವನು, ವೈದ್ಯನಲ್ಲ. ಆದುದರಿಂದ ಮೊದಲು ಮಾತಿನ ಕಡೆಯಿಂದಲೇ ಬರುತ್ತೇನೆ. ಪೆಟ್ಟಿನ ವಿಷಯದಲ್ಲಿ ನಮ್ಮ ಆಡುಮಾತು ಬಡವಾದುದಲ್ಲ. ಚರ್ಮ ಸುಲಿದರೆ ತರಚು. ತಲೆಯ ಮೇಲೆ ಉಬ್ಬಿದರೆ ಬುಗುಟು. ಬೆತ್ತದ ಬರೆ ಮೈಮೇಲೆ ಎದ್ದರೆ ಬಾಸುಂಡೆ. ಚರ್ಮ ಹರಿಯದೆ, ರಕ್ತ ಹೊರಬೀಳದೆ ಒಳಗೇ ನೊಂದರೆ ಮೂಗೇಟು. ಮೂಗನೆಂದರೆ ಮಾತು ಬಾರದವನು. ಮೂಗೇಟೆಂದರೆ ಮಾತನಾಡದ ಏಟು. ಈ ಪದಗಳನ್ನು ಕಟ್ಟಿದ ನಮ್ಮ ಹಿರಿಯರು ಪೆಟ್ಟು ಎಷ್ಟಿದೆ ಎಂಬುದಕ್ಕಿಂತ ಅದು ಎಲ್ಲಿ ಬಿದ್ದಿತು, ಯಾವುದರಿಂದ ಬಿದ್ದಿತು ಎಂಬುದನ್ನೇ ಹೆಚ್ಚಾಗಿ ಗಮನಿಸಿದಂತೆ ತೋರುತ್ತದೆ. ಇಂದಿನ ಮಕ್ಕಳ ವೈದ್ಯರು ಹೇಳುವುದೂ ಹೆಚ್ಚು ಕಡಮೆ ಅದನ್ನೇ.

ಪೆಟ್ಟು ಬಿದ್ದಾಗ ಚರ್ಮದ ಅಡಿಯ ಅತಿ ಸಣ್ಣ ರಕ್ತನಾಳಗಳು ಒಡೆಯುತ್ತವೆ. ಸೋರಿದ ರಕ್ತಕ್ಕೆ ಹೊರಬರಲು ದಾರಿಯಿಲ್ಲದೆ ಅದು ಅಲ್ಲಿಯೇ ನಿಲ್ಲುತ್ತದೆ. ಮೊದಲು ಕೆಂಪಾಗಿದ್ದುದು ನೀಲಿಯಾಗಿ ಕಪ್ಪಾಗುತ್ತದೆ; ರಕ್ತಕ್ಕೆ ಕೆಂಪು ಕೊಡುವ ಹಿಮೋಗ್ಲೋಬಿನ್ ಒಡೆದು ಬೇರೆ ಬೇರೆ ದ್ರವ್ಯಗಳಾದಂತೆ ಹಸಿರು, ಹಳದಿ, ಕಂದು ಬಣ್ಣಗಳು ಬಂದು, ಸಾಮಾನ್ಯವಾಗಿ ಎರಡು ವಾರಗಳ ಸುಮಾರಿಗೆ ಗುರುತು ಅಳಿಸಿಹೋಗುತ್ತದೆ. ಆದರೆ ಬಣ್ಣವನ್ನು ನೋಡಿ ಇದು ಇಂತಹ ದಿನದ ಪೆಟ್ಟೆಂದು ಖಚಿತವಾಗಿ ಹೇಳುವುದು ವೈದ್ಯರಿಗೂ ಆಗದ ಕೆಲಸ. ನಮ್ಮ ಕಪ್ಪು ಮೈಬಣ್ಣದಲ್ಲಂತೂ ಎಷ್ಟೋ ಸಲ ಗುರುತೇ ಕಾಣದು. ಒಳ್ಳೆಯ ಬೆಳಕಿನಲ್ಲಿ ನೋಡಬೇಕು, ಮುಟ್ಟಿ ನೋಡಬೇಕು. ಮೊದಲ ದಿನ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನು ಹತ್ತು ನಿಮಿಷ ಇಟ್ಟರೆ ಊತ ಇಳಿಯುತ್ತದೆ. ಬಿಸಿ ಎಣ್ಣೆ ಹಚ್ಚಿ ತಿಕ್ಕುವ ನಮ್ಮ ರೂಢಿ ಮಾತ್ರ ಆ ಹೊತ್ತಿಗೆ ತಕ್ಕುದಲ್ಲ.

ಇನ್ನು ಸ್ಥಳದ ವಿಚಾರ. ಓಡುವ ಮಗು ಮುಂದಕ್ಕೆ ಬೀಳುತ್ತದೆ. ಹಾಗೆ ಬಿದ್ದಾಗ ನೆಲಕ್ಕೆ ಮೊದಲು ತಾಗುವುದು ಮೂಳೆ ಚರ್ಮಕ್ಕೆ ಹತ್ತಿರವಾಗಿರುವ ಭಾಗ: ಮುಂಗಾಲು, ಮೊಣಕಾಲು, ಮೊಣಕೈ, ಹಣೆ, ಗಲ್ಲ. ಆಟದ ಪೆಟ್ಟುಗಳು ಬಹುಮಟ್ಟಿಗೆ ಅಲ್ಲಿಯೇ ಇರುತ್ತವೆ. ಹೊಟ್ಟೆ, ಬೆನ್ನು, ಪೃಷ್ಠ, ಕುತ್ತಿಗೆ, ಕೆನ್ನೆಯ ಮೆತ್ತನೆಯ ಭಾಗ, ಕಿವಿ — ಇವು ಬೀಳುವಾಗ ತಾಗುವ ಜಾಗಗಳಲ್ಲ. ಪಕ್ಕಕ್ಕೆ ಬಿದ್ದರೂ ಒಂದು ಕಡೆ ಭುಜ, ಮತ್ತೊಂದು ಕಡೆ ತಲೆಬುರುಡೆ ನಿಂತು ಕಿವಿಯನ್ನು ಕಾಪಾಡುತ್ತವೆ.

ವಯಸ್ಸಿನದೂ ಒಂದು ಲೆಕ್ಕವುಂಟು. 1999ರಲ್ಲಿ ಅಮೆರಿಕದ ಸಿಯಾಟಲ್ ಪ್ರದೇಶದ ವೈದ್ಯರು ಮೂರು ವರ್ಷದೊಳಗಿನ 973 ಮಕ್ಕಳನ್ನು ಪರೀಕ್ಷಿಸಿದ ಫಲಿತಾಂಶವನ್ನು ಪ್ರಕಟಿಸಿದರು. ನಡೆಯಲು ಕಲಿತ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ಮೈಮೇಲೆ ಮೂಗೇಟಿನ ಗುರುತಿದ್ದಿತು. ಆರು ತಿಂಗಳಿಗಿಂತ ಚಿಕ್ಕವಾದ 366 ಕೂಸುಗಳಲ್ಲಿ ಅಂತಹ ಗುರುತು ಕಂಡದ್ದು ಇಬ್ಬರಲ್ಲಿ ಮಾತ್ರ. ಹಿಡಿದುಕೊಂಡು ನಿಲ್ಲಲೂ ಬಾರದ ಕೂಸು ತಾನಾಗಿ ಬಿದ್ದು ಪೆಟ್ಟು ಮಾಡಿಕೊಳ್ಳುವುದಾದರೂ ಹೇಗೆ? ಆದುದರಿಂದ ಕೂಸಿನ ಮೈಮೇಲೆ ಒಂದೇ ಒಂದು ಗುರುತು ಕಂಡರೂ ಅಂದೇ ವೈದ್ಯರಿಗೆ ತೋರಿಸತಕ್ಕದ್ದು. ಆದರೆ ನಮ್ಮ ದೇಶದ ಅನೇಕ ಶಿಶುಗಳ ಸೊಂಟದ ಕೆಳಗೆ ಹುಟ್ಟಿನಿಂದಲೇ ನೀಲಿಬೂದು ಬಣ್ಣದ ಮಚ್ಚೆಯಿರುವುದುಂಟು. ಅದು ಪೆಟ್ಟಲ್ಲ, ರೋಗವೂ ಅಲ್ಲ. ಮಗು ಬೆಳೆದಂತೆ ಅದು ಮಾಸಿಹೋಗುತ್ತದೆ.

ಎರಡು ವರ್ಷಗಳ ಹಿಂದೆ ನನ್ನ ತಂಗಿಯ ಮನೆಯಲ್ಲಿ ನಡೆದ ಸಂಗತಿಯನ್ನು ಇಲ್ಲಿ ಹೇಳಬೇಕು. ಅವಳ ನಾಲ್ಕು ವರ್ಷದ ಮಗಳಿಗೆ ನೆಗಡಿ ಜ್ವರ ಬಂದು ಬಿಟ್ಟು ಎರಡು ವಾರವಾಗಿದ್ದಿತು. ಒಂದು ಬೆಳಗ್ಗೆ ನೋಡಿದರೆ ಮಗುವಿನ ತೊಡೆ, ಬೆನ್ನು, ತೋಳುಗಳ ಮೇಲೆಲ್ಲ ನೀಲಿ ಗುರುತು. ಬಿದ್ದುದನ್ನು ಕಂಡವರಿಲ್ಲ. ನೆರೆಮನೆಯಾಕೆ ನನ್ನ ತಂಗಿಯ ಮುಖವನ್ನು ಒಂದು ಬಗೆಯಾಗಿ ನೋಡಿ, “ಹೊಡೆದಿರಾ?” ಎಂದು ಕೇಳಿಯೇಬಿಟ್ಟರು. ತಂಗಿ ಅತ್ತುಬಿಟ್ಟಳು. ಆದರೆ ಅದೇ ಹೆಂಗಸು ಮಗುವನ್ನು ಎತ್ತಿಕೊಂಡು, ಅಂಗಿ ಸರಿಸಿ ಮತ್ತೊಮ್ಮೆ ನೋಡಿ, ಕಾಲಿನ ಮೇಲೆ ಸಾಸಿವೆಗಿಂತ ಸಣ್ಣವಾದ ಕೆಂಪು ಚುಕ್ಕೆಗಳಿರುವುದನ್ನು ತೋರಿಸಿದರು. ಅಂದೇ ಆಸ್ಪತ್ರೆಗೆ ಹೋದರು. ರಕ್ತವನ್ನು ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಸಾಮಾನ್ಯವಾಗಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರಬೇಕಾದಲ್ಲಿ, ಮಗುವಿಗೆ ಇದ್ದದ್ದು 12,000. ಸೋಂಕಿನ ಬಳಿಕ ದೇಹದ ರಕ್ಷಣಾಶಕ್ತಿಯೇ ದಾರಿತಪ್ಪಿ ತನ್ನ ಪ್ಲೇಟ್‌ಲೆಟ್‌ಗಳನ್ನು ತಾನೇ ನಾಶಮಾಡುವ ಕಾಯಿಲೆ ಅದು. ಚಿಕ್ಕ ಮಕ್ಕಳಲ್ಲಿ ಬಹುಪಾಲು ಆರು ತಿಂಗಳೊಳಗೆ ಗುಣವಾಗುತ್ತದೆ. ಈ ಮಗುವಿಗೂ ಎರಡು ತಿಂಗಳಲ್ಲಿ ಗುಣವಾಯಿತು. ಅಲ್ಲಿಯವರೆಗೆ ತಲೆಗೆ ಪೆಟ್ಟಾಗದಂತೆ ಕಾಯುವುದೇ ಮನೆಯವರೆಲ್ಲರ ಉದ್ಯೋಗವಾಗಿದ್ದಿತು.

ರೋಗದಿಂದ ಬರುವ ಗುರುತುಗಳ ಲಕ್ಷಣಗಳನ್ನು ಆಗ ವೈದ್ಯರ ಬಾಯಿಂದ ಕೇಳಿ ತಿಳಿದುಕೊಂಡೆ. ಕಾರಣವಿಲ್ಲದೆ, ಹಲವು ಕಡೆ, ದಿನದಿನಕ್ಕೆ ಹೊಸದಾಗಿ ಗುರುತುಗಳು ಬರತೊಡಗಿದರೆ. ಮೂಗಿನಿಂದಲೋ ಒಸಡಿನಿಂದಲೋ ರಕ್ತ ಬಂದು ಬೇಗ ನಿಲ್ಲದಿದ್ದರೆ. ಮಗು ಬಿಳಿಚಿಕೊಂಡು, ಬಳಲಿ, ಜ್ವರ ಬಿಡದೆ, ಕಾಲುಮೂಳೆ ನೋವೆಂದು ರಾತ್ರಿ ಅತ್ತರೆ, ತಡಮಾಡದೆ ರಕ್ತಪರೀಕ್ಷೆ ಮಾಡಿಸಬೇಕು. ಈ ಕೊನೆಯ ಚಿಹ್ನೆಗಳು ರಕ್ತದ ಕ್ಯಾನ್ಸರಿನವೂ ಆಗಿರಬಹುದು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆಯನ್ನು ಬೇಗ ಗುರುತಿಸಿ ಸರಿಯಾದ ಚಿಕಿತ್ಸೆ ಕೊಟ್ಟರೆ ಇಂದು ಬಹುಮಂದಿ ಗುಣಹೊಂದುತ್ತಾರೆ. ಸಣ್ಣ ಪೆಟ್ಟಿಗೂ ಮೊಣಕಾಲೋ ಮೊಣಕೈಯೋ ಊದಿಕೊಳ್ಳುವ ಗಂಡುಮಗುವಾದರೆ ಹಿಮೋಫಿಲಿಯಾ ಇರಬಹುದು. ಅದರ ಹೆಚ್ಚು ಸಾಮಾನ್ಯವಾದ ಬಗೆ ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಬರುತ್ತದೆ. ಇನ್ನು ಕೆಂಪು ಚುಕ್ಕೆಗಳ ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಬಹುದು. ಗಾಜಿನ ಲೋಟವನ್ನು ಅವುಗಳ ಮೇಲೆ ಒತ್ತಿ ನೋಡಬೇಕು. ಒತ್ತಿದರೂ ಚುಕ್ಕೆ ಮಾಯವಾಗದಿದ್ದರೆ ಅದು ಚರ್ಮದಡಿಯಲ್ಲಿ ನಿಂತ ರಕ್ತ. ಜ್ವರದ ಜೊತೆಗೆ ಅಂತಹ ಚುಕ್ಕೆಗಳಿದ್ದರೆ ಬೆಳಗಾಗುವವರೆಗೆ ಕಾಯಕೂಡದು. ಡೆಂಗೆ ಜ್ವರದ ಕಾಲದಲ್ಲಂತೂ, ಜ್ವರ ಇಳಿಯಿತೆಂದು ನಿಶ್ಚಿಂತರಾಗುವ ದಿನವೇ ಹೆಚ್ಚು ಎಚ್ಚರದಿಂದಿರಬೇಕಾದ ದಿನ. ತಲೆಗೆ ಪೆಟ್ಟು ಬಿದ್ದ ಮಗು ಮತ್ತೆ ಮತ್ತೆ ವಾಂತಿ ಮಾಡಿದರೆ, ಎಬ್ಬಿಸಿದರೂ ತೂಕಡಿಸಿದರೆ, ಬುಗುಟು ಎಷ್ಟೇ ಚಿಕ್ಕದಾಗಿರಲಿ, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಇಷ್ಟೆಲ್ಲವನ್ನೂ ತಿಳಿದುಕೊಂಡ ನಾನು ಇನ್ನು ಮೋಸಹೋಗಲಾರೆನೆಂದು ಭಾವಿಸಿದ್ದೆ. ಕಳೆದ ಚಳಿಗಾಲದ ಒಂದು ಭಾನುವಾರ ನನ್ನ ಹೆಂಡತಿ ಬಚ್ಚಲಿನಿಂದ ನನ್ನನ್ನು ಕರೆದಳು. ಮಗನ ಎಡಗಿವಿಯ ಮೇಲುಭಾಗ ಕಪ್ಪಾಗಿ ಕಂದಿದ್ದಿತು. ಕಿವಿಯ ಹಿಂದೆಯೂ ಒಂದು ಸಣ್ಣ ಗುರುತು. “ಆಟದಲ್ಲಿ ತಗುಲಿರಬೇಕು” ಎಂದೆ. ಅವಳು ನನ್ನನ್ನೇ ನೋಡುತ್ತ, “ಬಿದ್ದರೆ ಮೊಣಕಾಲು ನೆಲಕ್ಕೆ ತಾಗುತ್ತದೆ. ಕಿವಿಯ ಮುಂದೂ ಹಿಂದೂ ಒಟ್ಟಿಗೆ ಹೇಗೆ ತಾಗುತ್ತದೆ?” ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಮಗ “ಆಟದಲ್ಲೇ ಆಯಿತು” ಎಂದು ನನ್ನ ಮಾತನ್ನೇ ಹಿಡಿದುಕೊಂಡ. ರಾತ್ರಿ ದೀಪ ಆರಿಸಿದ ಮೇಲೆ ತಾಯಿಯ ಪಕ್ಕದಲ್ಲಿ ಮಲಗಿ ನಿಜ ಹೇಳಿದ. ಗುಣಾಕಾರದ ಲೆಕ್ಕ ತಪ್ಪಿದಾಗಲೆಲ್ಲ ಮನೆಪಾಠದ ಮೇಷ್ಟರು ಕಿವಿ ಹಿಂಡಿ ತಿರುಚುತ್ತಿದ್ದರಂತೆ. ಎರಡು ತಿಂಗಳಿನಿಂದ! ಮೊದಲೇ ಏಕೆ ಹೇಳಲಿಲ್ಲವೆಂದು ಅವಳು ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರವನ್ನು ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ: “ಅಪ್ಪನೇ ಹಾಗೆ ಮಾಡಿ ಅಂತ ಹೇಳಿದ್ದಲ್ಲವಾ?”

ಹೇಳಿದ್ದೆ. ಪಾಠಕ್ಕೆ ಸೇರಿಸಿದ ದಿನ ಆ ಮೇಷ್ಟರೆದುರು ನಗುತ್ತ, “ಕಿವಿ ಹಿಂಡಿಯಾದರೂ ನಾಲ್ಕಕ್ಷರ ಕಲಿಸಿ” ಎಂದಿದ್ದೆ. ನನ್ನ ತಂದೆ ನನ್ನ ಮೇಷ್ಟರಿಗೆ ಹೇಳಿದ್ದ ಮಾತೇ ಅದು. ಮಾತಿನ ಅಲಂಕಾರವೆಂದು ನಾನೂ ಆಡಿದೆ. ಇಪ್ಪತ್ತು ವರ್ಷಗಳಿಂದ ಅಲಂಕಾರ ಪಾಠ ಮಾಡುತ್ತಿರುವ ನನಗೆ, ಪಕ್ಕದಲ್ಲಿ ನಿಂತಿದ್ದ ಮಗು ಅದನ್ನು ಅಪ್ಪಣೆಯೆಂದು ತಿಳಿದುಕೊಂಡಿತೆಂಬುದು ಹೊಳೆಯಲಿಲ್ಲ.

ಆಮೇಲೆ ಓದಿ ನೋಡಿದಾಗ, ನನ್ನ ಹೆಂಡತಿಗೆ ಬಚ್ಚಲಲ್ಲಿ ಹೊಳೆದದ್ದನ್ನೇ ವೈದ್ಯರು ನಿಯಮವಾಗಿ ಬರೆದಿರುವುದು ಕಂಡಿತು. ಅಮೆರಿಕದ ವೈದ್ಯ ಹೆನ್ರಿ ಕೆಂಪ್ ಮತ್ತು ಅವರ ಸಹೋದ್ಯೋಗಿಗಳು 1962ರಲ್ಲಿ ಮನೆಯವರಿಂದಲೇ ಪೆಟ್ಟು ತಿಂದ ಮಕ್ಕಳನ್ನು ಕುರಿತು ಲೇಖನ ಪ್ರಕಟಿಸಿದ ಮೇಲೆ, ವೈದ್ಯಲೋಕ ಇಂತಹ ಗುರುತುಗಳನ್ನು ಕಣ್ಣುಬಿಟ್ಟು ನೋಡತೊಡಗಿತು. ನಾಲ್ಕು ವರ್ಷದೊಳಗಿನ ಮಕ್ಕಳ ಮುಂಡಭಾಗ, ಕಿವಿ, ಕುತ್ತಿಗೆಗಳ ಮೇಲಿನ ಗುರುತು ಕಂಡರೆ ವಿಚಾರಿಸದೆ ಬಿಡಕೂಡದೆಂದು ಮೇರಿ ಕ್ಲೈಡ್ ಪಿಯರ್ಸ್ ಮತ್ತು ಅವರ ಸಂಗಡಿಗರು 2010ರಲ್ಲಿ ಸೂಚಿಸಿದರು. ದೊಡ್ಡ ಮಕ್ಕಳ ವಿಷಯದಲ್ಲಿಯೂ ಬೆರಳ ಗುರುತು, ಬೆಲ್ಟಿನ ಆಕಾರ, ಜೋಡಿ ಗೆರೆ ಕಂಡರೆ ಎಚ್ಚರಗೊಳ್ಳಬೇಕು. ಒಬ್ಬೊಬ್ಬರ ಮುಂದೆ ಒಂದೊಂದು ಬಗೆಯಾಗುವ ಕತೆಯನ್ನು ಕೇಳಿದಾಗಲೂ ಎಚ್ಚರಗೊಳ್ಳಬೇಕು. ಆದರೆ ನನ್ನ ತಂಗಿಯ ಕಣ್ಣೀರನ್ನು ಮರೆಯುವಂತಿಲ್ಲ. ಗುರುತು ಯಾರ ಮೇಲೂ ತೀರ್ಪು ಹೇಳುವುದಿಲ್ಲ. ವಿಚಾರಿಸಿರೆಂದು ಮಾತ್ರ ಹೇಳುತ್ತದೆ. ನೆರೆಯಾಕೆ ಕೇಳಿದ ರೀತಿ ಒರಟಾಗಿದ್ದಿತು. ಆದರೆ ಆಕೆ ಮತ್ತೊಮ್ಮೆ ನೋಡದೆ ಸುಮ್ಮನೆ ಹೋಗಿದ್ದರೆ ಆ ಮಗು ಇನ್ನೂ ಎರಡು ದಿನ ಮನೆಯಲ್ಲಿಯೇ ಉಳಿಯುತ್ತಿದ್ದಿತು.

ಕೇಳುವುದಕ್ಕೂ ಒಂದು ಕ್ರಮವುಂಟು. “ಯಾರು ಹೊಡೆದರು?” ಎಂದರೆ ಮಗು ಹೆದರುತ್ತದೆ, ಅಥವಾ ನಾವು ಬಯಸಿದ ಹೆಸರನ್ನು ಹೇಳುತ್ತದೆ. “ಆಟದಲ್ಲಿ ಆಯಿತಲ್ಲವೆ?” ಎಂದರೆ, ನನ್ನ ಮಗನಂತೆ, ಹೌದೆನ್ನುತ್ತದೆ. “ಇದು ಹೇಗಾಯಿತು, ಹೇಳು” ಎಂದು ಕೇಳಿ ಸುಮ್ಮನೆ ಕಾಯಬೇಕು. ಉಪಾಧ್ಯಾಯ ವೃತ್ತಿಯವರಿಗೆ ಈ ಕಾಯುವಿಕೆ ಕಷ್ಟ. ಉತ್ತರವನ್ನು ನಾವೇ ಹೇಳಿಕೊಟ್ಟು ಅಭ್ಯಾಸ. ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿದೆ. ಮಗುವನ್ನು ತನ್ನ ವಶದಲ್ಲಿಟ್ಟುಕೊಂಡವರು ಹಿಂಸಿಸುವುದು 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಅಪರಾಧ. ಸಂಕಟದಲ್ಲಿರುವ ಮಗುವಿಗಾಗಿ 1098 ಸಂಖ್ಯೆಗೆ ಯಾರು ಬೇಕಾದರೂ ಕರೆಮಾಡಬಹುದು. ಆದರೆ ಇಷ್ಟೆಲ್ಲ ಕಾಯಿದೆಗಳಿದ್ದರೂ, ಅಪ್ಪನೇ ಅಪ್ಪಣೆ ಕೊಟ್ಟಿದ್ದಾನೆಂದು ನಂಬಿದ ಮಗು ಯಾರ ಬಳಿ ದೂರು ಹೇಳೀತು?

ಮರುದಿನ ಮೇಷ್ಟರ ಮನೆಗೆ ಹೋದೆ. ಅವರು ನಿರಾಕರಿಸಲಿಲ್ಲ. “ನೀವೇ ಹೇಳಿದಿರಲ್ಲ, ಸ್ವಾಮಿ” ಎಂದರು. ಕೋಪಮಾಡಲೆಂದು ಹೋಗಿದ್ದ ನಾನು ಒಂದು ಗಳಿಗೆ ನಿಂತುಬಿಟ್ಟೆ. ಹೇಳಿದ್ದು ನನ್ನ ತಪ್ಪೆಂದೂ, ಮಾಡಿದ್ದು ಅವರ ತಪ್ಪೆಂದೂ, ಬೇರೆ ಮಕ್ಕಳ ತಂದೆತಾಯಿಗಳಿಗೂ ಇದನ್ನು ತಿಳಿಸುವೆನೆಂದೂ ಹೇಳಿ ಬಂದೆ; ಹಾಗೆಯೇ ತಿಳಿಸಿದೆ. ಪಾಠ ಅಲ್ಲಿಗೆ ನಿಂತಿತು. ಮಗನ ಮುಂದೆ ಕುಳಿತು, ಆ ಮಾತನ್ನು ನಾನು ಆಡಬಾರದಾಗಿತ್ತೆಂದು ಹೇಳುವುದು ಮೇಷ್ಟರ ಮುಂದೆ ಹೇಳಿದುದಕ್ಕಿಂತ ಕಷ್ಟವಾಯಿತು.

ಮರ ಹತ್ತುವುದನ್ನು ನಾವು ಬಿಡಿಸಲಿಲ್ಲ. ಆಡುವ ಮಗುವಿನ ಮೊಣಕಾಲು ಕಂದದೆ ಇರಬೇಕಾದರೆ ಅದನ್ನು ಕಟ್ಟಿಹಾಕಬೇಕಷ್ಟೆ. ಹೋದ ಭಾನುವಾರ ಬಚ್ಚಲಿನಲ್ಲಿ ಅವನ ಮೊಣಕೈ ಮೇಲೆ ಹೊಸದೊಂದು ನೀಲಿ ಗುರುತು ಕಂಡಿತು. “ಇದು ಹೇಗಾಯಿತು?” ಎಂದು ಕೇಳಿ ಸುಮ್ಮನೆ ಕುಳಿತೆ. ಸೀಬೆಯ ಕೊಂಬೆ, ಅದರ ತುದಿಯಲ್ಲಿದ್ದ ಹಣ್ಣು, ಕೆಳಗಿನಿಂದ ತಪ್ಪು ದಾರಿ ತೋರಿಸಿದ ಗೆಳೆಯ, ಇವೆಲ್ಲವೂ ಕತೆಯಲ್ಲಿ ಬಂದವು. ಕತೆ ಮುಗಿಯುವ ಹೊತ್ತಿಗೆ ಹಂಡೆಯ ನೀರು ಆರಿಹೋಗಿದ್ದಿತು, ಮತ್ತೆ ಕಾಯಿಸಬೇಕಾಯಿತು.