ರಾಯದುರ್ಗದ ಪುಟವನ್ನು ಯಾರು ಬರೆಯಬೇಕು?

ಆಂಧ್ರಪ್ರದೇಶದ ರಾಯದುರ್ಗ, ಮಡಕಶಿರಾದಂಥ ಗಡಿಯೂರುಗಳ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಬರೆಯುವ ಮಾತು ಬಂದಾಗ ಎರಡು ನಂಬಿಕೆಗಳು ಎದುರುಬದುರಾಗಿ ನಿಲ್ಲುತ್ತವೆ. ಊರನ್ನು ಊರಿನವರಿಗಿಂತ ಬಲ್ಲವರು ಯಾರಿದ್ದಾರೆ, ದೇವಸ್ಥಾನದ ಬಗ್ಗೆ ಅದರ ಸಮಿತಿಯವರೇ ಬರೆಯಲಿ, ಶಾಲೆಯ ಬಗ್ಗೆ ಆಡಳಿತ ಮಂಡಳಿಯವರೇ ಬರೆಯಲಿ ಎನ್ನುವುದು ಒಂದು. ಆಂಧ್ರದಲ್ಲಿರುವ ಕನ್ನಡಿಗರು ತಮ್ಮ ಊರಿನ ಬಗ್ಗೆ ಬರೆದರೆ ಅದು ಪಕ್ಷಪಾತವೇ ಆದೀತು, ಅವರಿಗೆ ಹಿತಾಸಕ್ತಿ ಸಂಘರ್ಷವಿದೆ ಎನ್ನುವುದು ಇನ್ನೊಂದು. ಎರಡೂ ತಪ್ಪು, ಮತ್ತು ತಪ್ಪಿನ ಬೇರು ಒಂದೇ. ಹಿತಾಸಕ್ತಿ ಸಂಘರ್ಷವೆಂದರೆ ಬರೆಯುವವನ ಗುಣದೋಷದ ಮಾತು ಎಂದು ಇಬ್ಬರೂ ತಿಳಿದಿದ್ದಾರೆ. ಒಬ್ಬರು ‘ನಾವು ಪ್ರಾಮಾಣಿಕರು, ಆದ್ದರಿಂದ ಸಂಘರ್ಷವಿಲ್ಲ’ ಎನ್ನುತ್ತಾರೆ. ಇನ್ನೊಬ್ಬರು ‘ಅವರಿಗೆ ಅಭಿಮಾನವಿದೆ, ಆದ್ದರಿಂದ ಸಂಘರ್ಷವಿದೆ’ ಎನ್ನುತ್ತಾರೆ. ನೋಡಬೇಕಾದದ್ದು ಬರೆಯುವವನಿಗೂ ಬರೆಯುವ ವಿಷಯಕ್ಕೂ ಇರುವ ಸಂಬಂಧವನ್ನು. 2019ರಲ್ಲಿ ರಾಹುಲ್ ದ್ರಾವಿಡ್ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ಹೊಣೆ ಹೊತ್ತಾಗ, ಅವರು ಇಂಡಿಯಾ ಸಿಮೆಂಟ್ಸ್ ಕಂಪನಿಯ ನೌಕರರೂ ಹೌದೆಂದು ದೂರು ಹೋಯಿತು. ಕ್ರಿಕೆಟ್ ಮಂಡಳಿಯ ನೈತಿಕ ಅಧಿಕಾರಿ ಡಿ.ಕೆ. ಜೈನ್ ನೋಟಿಸು ಕೊಟ್ಟರು, ವಿಚಾರಿಸಿದರು, ಅದೇ ವರ್ಷ ದೂರನ್ನು ವಜಾ ಮಾಡಿದರು. ದ್ರಾವಿಡ್ ಅಪ್ರಾಮಾಣಿಕರೆಂದು ಆ ನೋಟಿಸು ಹೇಳಿರಲಿಲ್ಲ. ಒಬ್ಬರಿಗೆ ಎರಡು ಕುರ್ಚಿ ಇವೆಯೇ ಎಂದಷ್ಟೇ ಕೇಳಿತ್ತು. ವಿಶ್ವಕೋಶದಲ್ಲೂ ಪ್ರಶ್ನೆ ಅಷ್ಟೇ.

ಗಡಿ ಕನ್ನಡಿಗರ ಮೇಲಿನ ಆಕ್ಷೇಪವನ್ನು ಮೊದಲು ತೆಗೆದುಕೊಳ್ಳೋಣ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಉಳಿದವು ಮೈಸೂರಿಗೆ ಬಂದವು. ಆ ವಿಭಜನೆ ಸರಿಯೇ ತಪ್ಪೇ ಎಂಬ ಬಗ್ಗೆ ರಾಯದುರ್ಗದ ಕನ್ನಡಿಗನಿಗೆ ಖಂಡಿತ ಒಂದು ಅಭಿಪ್ರಾಯವಿರುತ್ತದೆ. ಅಲ್ಲಿಯ ತೆಲುಗರಿಗೂ ಇರುತ್ತದೆ, ಬಳ್ಳಾರಿಯವರಿಗೂ ಇರುತ್ತದೆ, ಬೆಂಗಳೂರಿನಲ್ಲಿ ಕೂತು ಬರೆಯುವ ಪ್ರಾಧ್ಯಾಪಕರಿಗೂ ಇರುತ್ತದೆ. ಅಭಿಪ್ರಾಯ ಇದ್ದವರೆಲ್ಲ ದೂರ ಸರಿಯಬೇಕೆಂದರೆ ವಿಶ್ವಕೋಶಕ್ಕೆ ಬರೆಯಲು ಆ ವಿಷಯದಲ್ಲಿ ಏನೂ ಗೊತ್ತಿಲ್ಲದವರು ಮಾತ್ರ ಉಳಿಯುತ್ತಾರೆ. ಒಲವಿಗೆ ವಿಕಿಪೀಡಿಯದಲ್ಲಿ ಬೇರೆಯೇ ಮದ್ದಿದೆ: ತಟಸ್ಥ ದೃಷ್ಟಿಕೋನದ ನಿಯಮ, ಪ್ರಶ್ನೆ ಏಳಬಹುದಾದ ಮಾತಿಗೆ ಪರಿಶೀಲಿಸಬಹುದಾದ ಆಕರ ಕೇಳುವ ನಿಯಮ. ಹಿತಾಸಕ್ತಿ ಸಂಘರ್ಷ ಇದಕ್ಕಿಂತ ಕಿರಿದಾದ ಸಂಗತಿ. ಲೇಖನ ಹೇಗೆ ಬಂದರೆ ತನಗೆ, ತನ್ನ ಮನೆಯವರಿಗೆ, ತನ್ನ ಸಂಸ್ಥೆಗೆ ನೇರವಾಗಿ ಒಳಿತೋ ಕೆಡುಕೋ ಆಗುತ್ತದೆಯೋ ಅಂಥ ನಂಟಿದ್ದಾಗ ಮಾತ್ರ ಅದು ಹುಟ್ಟುತ್ತದೆ. ಮಡಕಶಿರಾ 2022ರ ಏಪ್ರಿಲಿನಲ್ಲಿ ಅನಂತಪುರದಿಂದ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಆ ಮರುವಿಂಗಡಣೆಯನ್ನು ಒಪ್ಪುವವನೂ ಒಪ್ಪದವನೂ ಪುಟದಲ್ಲಿ ಜಿಲ್ಲೆಯ ಹೆಸರನ್ನು ತಿದ್ದಬಹುದು. ಅದಕ್ಕೆ ಬೇಕಾದದ್ದು ಸರ್ಕಾರದ ಅಧಿಸೂಚನೆಯ ಉಲ್ಲೇಖ, ತಿದ್ದುವವನ ಮನಸ್ಸಿನ ತಪಾಸಣೆ ಬೇಕಿಲ್ಲ.

ಸಂಘರ್ಷ ನಿಜಕ್ಕೂ ಇರುವುದು ನಾವು ಸಾಮಾನ್ಯವಾಗಿ ಹುಡುಕದ ಜಾಗದಲ್ಲಿ. ದೇವಸ್ಥಾನದ ಟ್ರಸ್ಟಿನ ಕಾರ್ಯದರ್ಶಿ ಆ ದೇವಸ್ಥಾನದ ಪುಟ ಬರೆಯುವುದು, ಶಾಸಕರ ಮೊಬೈಲ್ ನೋಡಿಕೊಳ್ಳುವ ಹುಡುಗ ಶಾಸಕರ ಪುಟ ಬರೆಯುವುದು, ಸಾಹಿತಿ ತನ್ನ ಪುಸ್ತಕದ ಪುಟವನ್ನು ತಾನೇ ತೆರೆಯುವುದು, ರಾಯದುರ್ಗದ ಸಿದ್ಧ ಉಡುಪು ಘಟಕದ ಮಾಲೀಕ ತನ್ನ ಘಟಕದ ಹೆಸರನ್ನು ಊರಿನ ಉದ್ಯಮದ ಭಾಗದಲ್ಲಿ ಸೇರಿಸುವುದು. ಇವರಲ್ಲಿ ಹೆಚ್ಚಿನವರು ‘ನಾನು ಇದಕ್ಕೆ ಒಂದು ರೂಪಾಯಿ ತೆಗೆದುಕೊಂಡಿಲ್ಲ’ ಎಂದು ಎದೆ ತಟ್ಟಿ ಹೇಳಬಲ್ಲರು, ಅದು ನಿಜವೂ ಇರುತ್ತದೆ. ಆದರೆ ಹಣವೊಂದೇ ಹಿತಾಸಕ್ತಿಯಲ್ಲ. ಹಣದ ವಿಷಯದಲ್ಲಿ ನಿಯಮ ಇನ್ನಷ್ಟು ಬಿಗಿ, ಅಷ್ಟೇ: 2014ರ ಜೂನ್‌ನಿಂದ ವಿಕಿಮೀಡಿಯ ಪ್ರತಿಷ್ಠಾನದ ಬಳಕೆಯ ಷರತ್ತುಗಳ ಪ್ರಕಾರ ಸಂಭಾವನೆ ಪಡೆದು ಬರೆಯುವವರು ಯಾರಿಂದ, ಯಾರಿಗಾಗಿ ಎಂಬುದನ್ನು ಹೇಳಲೇಬೇಕು. ಹಾಗೆಂದು ಹಣ ಬಂದಲ್ಲೆಲ್ಲ ವಿಷಯದಲ್ಲಿ ಹಿತಾಸಕ್ತಿಯೂ ಇರುತ್ತದೆಂದು ತಿಳಿಯಬೇಕಿಲ್ಲ. 2009ರ ಸುಮಾರಿಗೆ ಗೂಗಲ್ ಹಣ ಕೊಟ್ಟು ಇಂಗ್ಲಿಷ್ ಲೇಖನಗಳನ್ನು ಕನ್ನಡ, ತೆಲುಗು, ತಮಿಳುಗಳಿಗೆ ಅನುವಾದ ಮಾಡಿಸಿತು. ಆ ಲೇಖನಗಳ ಕನ್ನಡವನ್ನು ಓದಲು ಪ್ರಯತ್ನಿಸಿದವರಿಗೆ ಅವುಗಳ ತೊಂದರೆ ಏನೆಂದು ಗೊತ್ತು. ಅಲ್ಲಿ ಸೊರಗಿದ್ದು ಭಾಷೆ; ಅನುವಾದಕನಿಗೆ ತಾನು ಅನುವಾದಿಸಿದ ನಟನೋ ಕಾಯಿಲೆಯೋ ಏನೂ ಆಗಬೇಕಿರಲಿಲ್ಲ. ಬಿಡಿಗಾಸೂ ಪಡೆಯದ ಟ್ರಸ್ಟಿನ ಕಾರ್ಯದರ್ಶಿಯ ಸ್ಥಿತಿ ಇದಕ್ಕೆ ತಿರುವುಮುರುವು.

‘ನಾನು ಬರೆದದ್ದರಲ್ಲಿ ಒಂದು ಸುಳ್ಳಿದ್ದರೆ ತೋರಿಸಿ’ ಎಂಬ ಸವಾಲು ಈ ಚರ್ಚೆಯಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಕೇಳುತ್ತದೆ. ಉತ್ತರ ಸರಳ: ಒಂದೂ ಸುಳ್ಳಿಲ್ಲದೆ ಓದುಗನ ದಾರಿ ತಪ್ಪಿಸಬಹುದು. ಮಡಕಶಿರಾದ ಬಳಿಯ ಅಮರಾಪುರ ಮಂಡಲದ ಹೇಮಾವತಿಯನ್ನೇ ನೋಡಿ. ಹೆಂಜೇರು ಎಂಬ ಹಳೆಯ ಹೆಸರಿನ ಈ ಊರು ನೊಳಂಬರ ರಾಜಧಾನಿ. ಅವರ ವಂಶಾವಳಿ ಹೇಳುವ ಕಂಬದ ಶಾಸನ, ಸಿದ್ಧೇಶ್ವರ ಮತ್ತು ದೊಡ್ಡೇಶ್ವರ ಗುಡಿಗಳು ಅಲ್ಲಿವೆ. ಇಲ್ಲಿಯ ಶಿಲ್ಪಗಳು ಮದ್ರಾಸು ವಸ್ತುಸಂಗ್ರಹಾಲಯದವರೆಗೂ ಹೋಗಿವೆ, ಅವುಗಳ ಮೇಲೆ ಸಿ. ಶಿವರಾಮಮೂರ್ತಿ 1964ರಲ್ಲಿ ಪುಸ್ತಕವನ್ನೇ ಬರೆದಿದ್ದಾರೆ. ಗುಡಿಯ ಮೇಲೆ ಹಕ್ಕೋ ಹೊಣೆಯೋ ಇರುವವರು ಇಂಥ ಒಂದು ಊರಿನ ಪುಟ ಬರೆದರೆಂದುಕೊಳ್ಳಿ. ಹಬ್ಬದ ವೈಭವ, ಸೇವೆಯ ಪಟ್ಟಿ, ದಾನಿಗಳ ಹೆಸರು, ಸ್ಥಳಪುರಾಣ ಎಲ್ಲವೂ ಬರುತ್ತವೆ, ಎಲ್ಲವೂ ನಿಜ. ಶಾಸನ ಹೇಳುವ ಕಾಲ ಪುರಾಣದ ಕಾಲಕ್ಕಿಂತ ಈಚಿನದು ಎಂಬ ಸಂಗತಿ, ಜೀರ್ಣೋದ್ಧಾರದಲ್ಲಿ ಹಳೆಯ ಕಲ್ಲು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ ಬರುವುದಿಲ್ಲ. ಬೇಕೆಂದು ಬಿಟ್ಟದ್ದಲ್ಲ, ಅವರ ಕಣ್ಣಿಗೆ ಅದು ಮುಖ್ಯವಾಗಿ ಕಂಡಿರುವುದೇ ಇಲ್ಲ. ವಿಕಿಪೀಡಿಯವನ್ನು ಕಟ್ಟಿದ ಜಿಮ್ಮಿ ವೇಲ್ಸ್ 2005ರಲ್ಲಿ ತಮ್ಮದೇ ಜೀವನಚರಿತ್ರೆಯ ಪುಟವನ್ನು ತಿದ್ದಿ, ಲ್ಯಾರಿ ಸ್ಯಾಂಗರ್ ಸಹಸ್ಥಾಪಕರೆನ್ನುವ ಮಾತನ್ನು ತೆಗೆದಿದ್ದರು. ತಮ್ಮ ದೃಷ್ಟಿಯಲ್ಲಿ ಅವರು ತಪ್ಪನ್ನು ಸರಿಪಡಿಸುತ್ತಿದ್ದರು. ಸುದ್ದಿಯಾದ ಮೇಲೆ ಹಾಗೆ ಮಾಡಬಾರದಿತ್ತೆಂದು ಒಪ್ಪಿಕೊಂಡರು. ನಿಯಮ ಬಲ್ಲವರಿಗೇ ಹೀಗಾದರೆ ಉಳಿದವರ ಪಾಡೇನು?

ಹಾಗಾದರೆ ಬಲ್ಲವರು ಬಾಯಿ ಮುಚ್ಚಿಕೊಂಡಿರಬೇಕೇ? ಇದು ಮೂರನೆಯ ತಪ್ಪು ಕಲ್ಪನೆ, ಗಡಿ ಊರುಗಳಿಗೆ ಅತಿ ಹೆಚ್ಚು ನಷ್ಟ ಮಾಡುವುದೂ ಇದೇ. ಇಂಥ ಊರುಗಳಲ್ಲಿ ವಿಷಯ ಬಲ್ಲವನೂ ವಿಷಯಕ್ಕೆ ನಂಟಿನವನೂ ಹೆಚ್ಚಾಗಿ ಒಬ್ಬನೇ. ಕನ್ನಡ ಮಾಧ್ಯಮ ಶಾಲೆಯ ಇತಿಹಾಸ ಗೊತ್ತಿರುವುದು ಅದೇ ಶಾಲೆಯ ನಿವೃತ್ತ ಮೇಷ್ಟ್ರಿಗೆ. ಅವರನ್ನು ಹೊರಗಿಟ್ಟರೆ ಪುಟ ಖಾಲಿ ಉಳಿಯುತ್ತದೆ. ಆದ್ದರಿಂದಲೇ ನಿಯಮ ಅವರನ್ನು ಹೊರಗಿಡುವುದಿಲ್ಲ. ನೇರವಾಗಿ ಲೇಖನ ತಿದ್ದುವ ಬದಲು ‘ನಾನು ಈ ಶಾಲೆಯಲ್ಲಿ ಕೆಲಸ ಮಾಡಿದವನು’ ಎಂದು ತನ್ನ ಸದಸ್ಯ ಪುಟದಲ್ಲಿ ಹೇಳಿಕೊಂಡು, ಆಗಬೇಕಾದ ಬದಲಾವಣೆಯನ್ನು ಲೇಖನದ ಚರ್ಚೆ ಪುಟದಲ್ಲಿ ಆಕರದ ಸಮೇತ ಬರೆದು, ನಂಟಿಲ್ಲದ ಬೇರೊಬ್ಬರು ಅದನ್ನು ನೋಡಿ ಸೇರಿಸಲಿ ಎನ್ನುತ್ತದೆ. ಕಾಗುಣಿತ ತಿದ್ದುವುದಕ್ಕೆ, ಕಿಡಿಗೇಡಿತನ ಅಳಿಸುವುದಕ್ಕೆ, ಆಧಾರವಿಲ್ಲದ ನಿಂದೆಯನ್ನು ತೆಗೆಯುವುದಕ್ಕೆ ಇಷ್ಟೂ ಬೇಕಿಲ್ಲ. ಹಳೆಯ ಫೋಟೊಗಳನ್ನು ಮುಕ್ತ ಪರವಾನಗಿಯಲ್ಲಿ ವಿಕಿಮೀಡಿಯ ಕಾಮನ್ಸಿಗೆ ಕೊಡಬಹುದು. ಆಕರ ಹುಡುಕಿಕೊಡುವುದಂತೂ ಎಲ್ಲಕ್ಕಿಂತ ದೊಡ್ಡ ಉಪಕಾರ. ಡಬ್ಲ್ಯು. ಫ್ರಾನ್ಸಿಸ್ ಸಂಪಾದಿಸಿದ ಗೆಜೆಟಿಯರುಗಳಲ್ಲಿ ಮಡಕಶಿರಾ 1905ರ ಅನಂತಪುರ ಸಂಪುಟದಲ್ಲಿದೆ. ರಾಯದುರ್ಗ ಬೇಕೆಂದರೆ 1904ರ ಬಳ್ಳಾರಿ ಸಂಪುಟ ತೆರೆಯಬೇಕು. ಇಂದಿನ ಜಿಲ್ಲೆಯ ಹೆಸರು ಹಿಡಿದು ಹೊರಟವನಿಗೆ ಅದು ಸಿಗುವುದಿಲ್ಲ, ಊರಿನವರಿಗೆ ಗೊತ್ತಿರುತ್ತದೆ.

ಇದಕ್ಕೆ ಬರುವ ತಕರಾರು ನ್ಯಾಯವಾದದ್ದೇ. ಇಂಗ್ಲಿಷಿನಲ್ಲಿ ಇಂಥ ಕೋರಿಕೆಗಳನ್ನು ನೋಡಲೆಂದೇ ಜನರಿದ್ದಾರೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಸಕ್ರಿಯ ಸಂಪಾದಕರು ಇಂದಿಗೂ ಕಡಿಮೆ. ಚರ್ಚೆ ಪುಟದಲ್ಲಿ ಬರೆದದ್ದನ್ನು ಯಾರೂ ನೋಡದೆ ಹೋಗಬಹುದು. ಆಗ ಅರಳಿ ಕಟ್ಟೆಯಲ್ಲಿ, ಅಂದರೆ ಸಮುದಾಯದ ಸಾರ್ವಜನಿಕ ಪುಟದಲ್ಲಿ, ಕೇಳಬೇಕು. ಅಲ್ಲೂ ಮೌನವಾದರೆ, ನಂಟನ್ನು ಹೇಳಿಕೊಂಡೇ, ಪ್ರತಿ ಸಾಲಿಗೂ ಹೊರಗಿನ ಆಕರ ಕೊಟ್ಟು ಚಿಕ್ಕ ಬದಲಾವಣೆ ಮಾಡುವುದು ನನ್ನ ದೃಷ್ಟಿಯಲ್ಲಿ ತಪ್ಪಲ್ಲ. ನಿಯಮವೂ ನೇರ ತಿದ್ದುಪಡಿ ಬೇಡವೆಂದು ಬಲವಾಗಿ ಹೇಳುತ್ತದೆಯೇ ಹೊರತು ಪೂರ್ತಿ ನಿಷೇಧಿಸುವುದಿಲ್ಲ. ನೋಡುವವರು ಕಡಿಮೆ ಎಂಬುದು ನಂಟನ್ನು ಮುಚ್ಚಿಡಲು ಮಾತ್ರ ಕಾರಣವಾಗದು. ಇಂಗ್ಲಿಷಿನಲ್ಲಿ ಬೇಗ ಸಿಕ್ಕಿಬೀಳಬಹುದಾದ ಬಣ್ಣದ ಮಾತು ಕನ್ನಡದಲ್ಲಿ ವರ್ಷಗಟ್ಟಲೆ ನಿಂತು, ಶಾಲಾ ಮಕ್ಕಳ ಪ್ರಬಂಧಕ್ಕೂ ಪತ್ರಿಕೆಯ ಅಂಕಣಕ್ಕೂ ಇಳಿದು, ಆಮೇಲೆ ಅದೇ ಅಂಕಣ ವಿಕಿಪೀಡಿಯದ ಆಕರವಾಗಿ ತಿರುಗಿ ಬರುತ್ತದೆ.

ಇನ್ನೊಬ್ಬರ ಸಂಘರ್ಷವನ್ನು ಎತ್ತಿ ತೋರಿಸುವವರಿಗೂ ಒಂದು ತಪ್ಪು ತಿಳಿವಳಿಕೆಯಿದೆ. ಖಾತೆಯ ಹಿಂದಿರುವ ವ್ಯಕ್ತಿ ಯಾರ ಮಗ, ಎಲ್ಲಿ ಕೆಲಸ ಮಾಡುತ್ತಾನೆ ಎಂದು ಬಯಲು ಮಾಡಿದರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಎಲ್ಲರಿಗೆ ಎಲ್ಲರೂ ಗೊತ್ತಿರುವ ಸಣ್ಣ ಊರಿನಲ್ಲಿ ಇದು ಸುಲಭ, ಆದ್ದರಿಂದಲೇ ಅಪಾಯಕಾರಿ; ವಿಕಿಪೀಡಿಯ ಇದನ್ನು ಕಿರುಕುಳವೆಂದೇ ಎಣಿಸುತ್ತದೆ. ಬೇಕಾದ ಪುರಾವೆ ಬೇರೆಡೆ ಇರುತ್ತದೆ. ವೈಫಿಯೋನ್ ಎಂಬ ಹೆಸರಿನ ಖಾತೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ನಿರ್ವಾಹಕ ಸ್ಥಾನಕ್ಕೇ ಏರಿತ್ತು. ಐಐಪಿಎಂ ಎಂಬ ಆಡಳಿತ ಶಿಕ್ಷಣ ಸಂಸ್ಥೆಯ ಪುಟವನ್ನು ಸಂಸ್ಥೆಗೆ ಒಪ್ಪುವಂತೆ ವರ್ಷಗಳ ಕಾಲ ತಿದ್ದಿತೆಂಬ ದೂರಿನ ಮೇಲೆ 2015ರ ಫೆಬ್ರವರಿಯಲ್ಲಿ ಅಲ್ಲಿಯ ಮಧ್ಯಸ್ಥಿಕೆ ಸಮಿತಿ ಆ ಖಾತೆಯನ್ನು ನಿಷೇಧಿಸಿತು. ಅದಕ್ಕೆ ಆಧಾರವಾದದ್ದು ತಿದ್ದುಪಡಿಗಳ ಇತಿಹಾಸ: ಯಾವ ಆಕರ ಹೋಯಿತು, ಯಾವ ಆಕರ ಬಂತು, ಟೀಕೆಯ ಸಾಲು ಎಷ್ಟು ಸಲ ಅಳಿಯಿತು. ಅದೇ ‘ಇತಿಹಾಸ’ದ ಗುಂಡಿ ರಾಯದುರ್ಗದ ಪುಟದ ಮೇಲೂ ಇದೆ, ಖಾತೆ ಇಲ್ಲದವರೂ ಒತ್ತಿ ನೋಡಬಹುದು.